ಬೂಸ್ಟರ್ ಸೀಟ್ ಬಿಡಿಸುವುದು ಯಾವಾಗ? ಪ್ರಾಯ ಅಲ್ಲ, ಬೆಲ್ಟ್ ಹೇಳಲಿ

ಗಲ್ಫ್‌ನಿಂದ ರಜೆಗೆ ಬರುವ ನಮ್ಮ ಮನೆಗಳ ಮಕ್ಕಳನ್ನು ನೋಡಿ. ದುಬೈಯಲ್ಲೋ ಶಾರ್ಜಾದಲ್ಲೋ ಇರುವಾಗ ಕಾರು ಹತ್ತಿದ ಕೂಡಲೇ ತಮ್ಮ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಸಿಕೊಳ್ಳುತ್ತಾರೆ. ಬಜ್ಪೆಯಲ್ಲಿ ಇಳಿದದ್ದೇ ತಡ, ಒಬ್ಬ ಉಮ್ಮನ ಮಡಿಲಲ್ಲಿ, ಇನ್ನೊಬ್ಬ ಮುಂದಿನ ಎರಡು ಸೀಟುಗಳ ನಡುವೆ ನಿಂತುಕೊಂಡು! "ಇಲ್ಲೇ ಹತ್ತಿರ ಅಲ್ವಾ, ಏನಾಗ್ತದೆ?" ಎನ್ನುವ ಮಾತು ಬೇರೆ.

ಊರಿನ ಕಾರುಗಳಲ್ಲೂ ಈಗ ಅಲ್ಲೊಂದು ಇಲ್ಲೊಂದು ಬೂಸ್ಟರ್ ಸೀಟ್ ಕಾಣುತ್ತದೆ. ಆದರೆ ಅದನ್ನು ಎಲ್ಲಿಯವರೆಗೆ ಬಳಸಬೇಕು ಎನ್ನುವುದರಲ್ಲಿ ಗೊಂದಲ ಉಂಟು. ಮಗ ಎರಡನೇ ಕ್ಲಾಸಿಗೆ ಹೋಗ್ತಾನೆ, ಇನ್ನೂ ಯಾಕೆ ಇದು ಎಂದು ತೆಗೆದು ಅಟ್ಟಕ್ಕೆ ಹಾಕುವವರಿದ್ದಾರೆ. ಮಗುವಿನ ಪ್ರಾಯ ನೋಡಿ ತೀರ್ಮಾನಿಸುವ ವಿಷಯ ಇದಲ್ಲ.

ಬೂಸ್ಟರ್ ಮಾಡುವ ಕೆಲಸ ಏನು?

ಕಾರಿನ ಸೀಟ್ ಬೆಲ್ಟ್ ತಯಾರಾಗಿರುವುದು ದೊಡ್ಡವರ ದೇಹಕ್ಕೆ. ಅದರ ಕೆಳಗಿನ ಪಟ್ಟಿ ಸೊಂಟದ ಗಟ್ಟಿ ಮೂಳೆಯ ಮೇಲೆ, ಮೇಲಿನ ಪಟ್ಟಿ ಭುಜ ಮತ್ತು ಎದೆಯ ಮೇಲೆ ಕೂರಬೇಕು. ಮಗು ಗಿಡ್ಡ ಇದ್ದರೆ ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಏರುತ್ತದೆ, ಮೇಲಿನದು ಕುತ್ತಿಗೆಗೆ ಉಜ್ಜುತ್ತದೆ. ಮಕ್ಕಳ ಸೊಂಟದ ಮೂಳೆ ಪೂರ್ತಿ ಬೆಳೆದಿರುವುದಿಲ್ಲ. ಅಪಘಾತದಲ್ಲಿ ಬೆಲ್ಟ್ ಹೊಟ್ಟೆಗೆ ಒತ್ತಿದರೆ ಕರುಳಿಗೆ, ಬೆನ್ನುಮೂಳೆಗೆ ಪೆಟ್ಟಾಗಬಹುದು. ಬೂಸ್ಟರ್ ಮಗುವನ್ನು ಸ್ವಲ್ಪ ಎತ್ತರಿಸಿ ಬೆಲ್ಟ್ ಸರಿಯಾದ ಜಾಗದಲ್ಲಿ ಬರುವಂತೆ ಮಾಡುತ್ತದೆ. ಅದರ ಕೆಲಸ ಇಷ್ಟೇ. ಬೂಸ್ಟರ್ ಇಲ್ಲದೆಯೂ ಬೆಲ್ಟ್ ಸರಿಯಾಗಿ ಕೂತರೆ ಮಾತ್ರ ಅದನ್ನು ಬಿಡಿಸಬಹುದು.

ಐದು ಪ್ರಶ್ನೆ, ಐದಕ್ಕೂ 'ಹೌದು'

ನಿಮ್ಮದೇ ಕಾರಿನ ಹಿಂದಿನ ಸೀಟಿನಲ್ಲಿ ಬೂಸ್ಟರ್ ಇಲ್ಲದೆ ಮಗುವನ್ನು ಕೂರಿಸಿ, ಬೆಲ್ಟ್ ಹಾಕಿ ನೋಡಿ.

1. ಬೆನ್ನು ಸೀಟಿಗೆ ಪೂರ್ತಿ ತಾಗುತ್ತದಾ?
2. ಹಾಗೆ ಕೂತಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಸರಿಯಾಗಿ ಮಡಚಿ, ಕಾಲು ಕೆಳಗೆ ಇಳಿಯುತ್ತದಾ?
3. ಮೇಲಿನ ಪಟ್ಟಿ ಕುತ್ತಿಗೆಗೂ ತಾಗದೆ, ತೋಳಿಗೂ ಜಾರದೆ ಭುಜದ ನಡುವೆ ಬರುತ್ತದಾ?
4. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲದೆ ತೊಡೆಯ ಬುಡದಲ್ಲಿ ತಗ್ಗಿ ಕೂರುತ್ತದಾ?
5. ಪ್ರಯಾಣ ಮುಗಿಯುವವರೆಗೂ ಜಾರದೆ, ಬಾಗದೆ ಹೀಗೇ ಕೂರಲು ಮಗುವಿಗೆ ಆಗುತ್ತದಾ?

ಒಂದಕ್ಕೆ 'ಇಲ್ಲ' ಎಂದಾದರೂ ಬೂಸ್ಟರ್ ಬೇಕು. ಐದನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಯ ಅಂಗಳದಲ್ಲಿ ನೆಟ್ಟಗೆ ಕೂತ ಮಗು ಶಿರಾಡಿ ಘಾಟಿಯ ತಿರುವುಗಳಲ್ಲಿ ನಿದ್ದೆಗೆ ಜಾರಿ ಒಂದು ಬದಿಗೆ ವಾಲಬಹುದು. ಕಾರಿನಿಂದ ಕಾರಿಗೆ ಸೀಟಿನ ಆಳ, ಬೆಲ್ಟ್ ಬರುವ ಜಾಗ ಬೇರೆ. ಮಾವನ ಕಾರಿನಲ್ಲಿ ಸರಿಯಾದದ್ದು ಉಪ್ಪನ ಕಾರಿನಲ್ಲಿ ಸರಿಯಾಗದೆಯೂ ಇರಬಹುದು.

ಸಾಮಾನ್ಯವಾಗಿ ಎತ್ತರ 145 ಸೆಂಟಿಮೀಟರ್, ಅಂದರೆ ಸುಮಾರು 4 ಅಡಿ 9 ಇಂಚು ಆದಾಗ ಈ ಪರೀಕ್ಷೆಯಲ್ಲಿ ಪಾಸಾಗುತ್ತಾರೆ. ಇದು 8ರಿಂದ 12 ವರ್ಷದ ನಡುವೆ ಯಾವಾಗ ಬೇಕಾದರೂ ಆಗಬಹುದು. ಒಂದೇ ಪ್ರಾಯದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಬೇಡವಾದದ್ದು ಇನ್ನೊಬ್ಬನಿಗೆ ಇನ್ನೆರಡು ವರ್ಷ ಬೇಕಾದೀತು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕಾನೂನು ಏನು ಹೇಳುತ್ತದೆ?

ಯುಎಇಯಲ್ಲಿ 2017ರಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ. ತಪ್ಪಿದರೆ 400 ದಿರ್ಹಂ ದಂಡ. ಇದನ್ನು ಕೇಳಿ 'ನಾಲ್ಕು ವರ್ಷ ಕಳೆಯಿತು, ಇನ್ನು ಸೀಟ್ ಬೇಡ' ಎಂದುಕೊಳ್ಳುವವರುಂಟು. ಆದರೆ 10 ವರ್ಷದೊಳಗಿನ ಅಥವಾ 145 ಸೆಂಟಿಮೀಟರ್‌ಗಿಂತ ಗಿಡ್ಡ ಇರುವ ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸಬಾರದು ಎಂದೂ ಅಲ್ಲಿ ನಿಯಮವಿದೆ. ಬ್ರಿಟನ್‌ನಲ್ಲಿ 12 ವರ್ಷ ಅಥವಾ 135 ಸೆಂಟಿಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳ ಸೀಟ್ ಬೇಕು. ನಮ್ಮ ದೇಶದಲ್ಲಿ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ, 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದೆ ಕಾರು ಓಡಿಸಿದರೆ 1,000 ರೂಪಾಯಿ ದಂಡ.

ದಂಡ ದೇಶದಿಂದ ದೇಶಕ್ಕೆ ಬೇರೆ ಆದೀತು, ಮಗುವಿನ ಮೂಳೆ ಎಲ್ಲಿ ಹೋದರೂ ಒಂದೇ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗುದ್ದುವುದೆಂದರೆ ಸುಮಾರು ಹತ್ತು ಮೀಟರ್ ಎತ್ತರದಿಂದ ಬಿದ್ದಷ್ಟು ರಭಸ. ಹೆದ್ದಾರಿ 66ರಲ್ಲಿ 50 ಯಾವ ಲೆಕ್ಕ? ಆ ಹೊತ್ತಿಗೆ ಎಷ್ಟೇ ಗಟ್ಟಿಯಾಗಿ ಅಪ್ಪಿಕೊಂಡರೂ ಉಮ್ಮನ ಕೈ ಮಗುವನ್ನು ಹಿಡಿದಿಡಲಾರದು.

ಇವಿಷ್ಟು ನೆನಪಿರಲಿ

* ಬೂಸ್ಟರ್ ಬದಲಿಗೆ ತಲೆದಿಂಬು ಇಡಬೇಡಿ. ಅದು ಕುಸಿಯುತ್ತದೆ, ಜಾರುತ್ತದೆ.
* ಉಜ್ಜುತ್ತದೆ ಎಂದು ಮೇಲಿನ ಪಟ್ಟಿಯನ್ನು ಬೆನ್ನ ಹಿಂದೆ ಅಥವಾ ಕಂಕುಳ ಕೆಳಗೆ ಹಾಕಬೇಡಿ.
* ಸೊಂಟಕ್ಕೆ ಮಾತ್ರ ಬೆಲ್ಟ್ ಇರುವ ಜಾಗದಲ್ಲಿ ಬೂಸ್ಟರ್ ಬಳಸಬಾರದು. ಹಳೆಯ ಕಾರುಗಳ ಹಿಂದಿನ ನಡುಸೀಟಿನಲ್ಲಿ ಹೀಗಿರುವುದುಂಟು.
* ಅಪಘಾತಕ್ಕೆ ಸಿಕ್ಕಿದ ಬೂಸ್ಟರ್ ಮತ್ತೆ ಬೇಡ.
* ಬೂಸ್ಟರ್ ಬಿಟ್ಟ ಮೇಲೂ 12 ವರ್ಷ ತುಂಬುವವರೆಗೆ ಹಿಂದಿನ ಸೀಟೇ ಒಳ್ಳೆಯದು. ಮುಂದಿನ ಏರ್‌ಬ್ಯಾಗ್ ದೊಡ್ಡವರ ಅಳತೆಗೆ ಮಾಡಿದ್ದು.

ಬೆನ್ನಿಲ್ಲದ ಬೂಸ್ಟರ್ ಹಗುರ, ಪೆಟ್ಟಿಗೆಯಲ್ಲಿ ಹೆಚ್ಚು ಜಾಗ ತಿನ್ನುವುದಿಲ್ಲ. ದೊಡ್ಡ ಮಗುವಿಗೆ ಅಷ್ಟು ಸಾಕಾಗುವುದಾದರೆ ಊರಿಗೆ ಬರುವಾಗ ಅದನ್ನೂ ತನ್ನಿ. "ಇಷ್ಟು ದೊಡ್ಡವನಿಗೆ ಇದು ಯಾಕೆ?" ಎಂದು ಮನೆಯ ಹಿರಿಯರು ಕೇಳಿದರೆ ವಾದ ಬೇಡ. ಮಗುವನ್ನು ಕಾರಿನಲ್ಲಿ ಕೂರಿಸಿ, ಬೆಲ್ಟ್ ಎಲ್ಲಿ ಬರುತ್ತದೆ ಎಂದು ಅವರಿಗೇ ತೋರಿಸಿ. ಐದು ಪ್ರಶ್ನೆಗಳನ್ನು ಆರು ತಿಂಗಳಿಗೊಮ್ಮೆ ಮತ್ತೆ ಕೇಳಿ. ಐದಕ್ಕೂ 'ಹೌದು' ಬಂದ ದಿನ ಬೂಸ್ಟರನ್ನು ಧೈರ್ಯವಾಗಿ ತೆಗೆದಿಡಿ.