ಹುರುಳಿ ಸಾರಿನ ವಾಯು ಮತ್ತು ಉರಿಯೂತ

ಮಾಲೇಕಲ್ಲು ತಿರುಪತಿಯ ಸುತ್ತಿನ ಅರಸೀಕೆರೆ ಸೀಮೆಯಲ್ಲಿ ರಾಗಿ ಮುದ್ದೆಗೆ ಹುರುಳಿ ಸಾರು ಹಳೆಯ ಜೋಡಿ. ಹುರುಳಿ ತಿಂದರೆ ವಾಯು ಎಂಬ ದೂರೂ ಅಷ್ಟೇ ಹಳೆಯದು. ಕಾಳಿನಲ್ಲಿರುವ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳು ನಮ್ಮ ಕಿಣ್ವಗಳಿಗೆ ಬಗ್ಗುವುದಿಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸುತ್ತವೆ. ವಾಯು ಆ ಹುದುಗಿನ ಒಂದು ಫಲ. ಇನ್ನೊಂದು ಫಲ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರುಸರಪಳಿಯ ಕೊಬ್ಬಿನಾಮ್ಲಗಳು. ಬ್ಯುಟಿರೇಟ್ ಕರುಳಿನ ಒಳಪದರದ ಕಣಗಳಿಗೆ ಮುಖ್ಯ ಇಂಧನ. ಅಷ್ಟೇ ಅಲ್ಲ, ಈ ಆಮ್ಲಗಳು ರೋಗನಿರೋಧಕ ಕಣಗಳನ್ನೂ ಮುಟ್ಟುತ್ತವೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಮೈಮೇಲಿನ ಜಿಪಿಆರ್43 ಎಂಬ ಗ್ರಾಹಕಕ್ಕೆ ಅಂಟಿ ಅವುಗಳ ವರ್ತನೆ ಬದಲಿಸುತ್ತವೆ. ಕಣದೊಳಗೆ ಹೊಕ್ಕ ಬ್ಯುಟಿರೇಟ್, ಡಿಎನ್ಎ ಸುತ್ತಿಕೊಂಡಿರುವ ಹಿಸ್ಟೋನ್‌ಗಳಿಂದ ಅಸಿಟೈಲ್ ಗುಂಪು ಕೀಳುವ ಕಿಣ್ವವನ್ನು ತಡೆಯುತ್ತದೆ. ಆಗ ಫಾಕ್ಸ್‌ಪಿ3 ಜೀನ್ ಚುರುಕಾಗಿ, ಉರಿಯೂತಕ್ಕೆ ಲಗಾಮು ಹಾಕುವ ನಿಯಂತ್ರಕ ಟಿ ಕಣಗಳು ಹೆಚ್ಚುತ್ತವೆ. 2013ರಲ್ಲಿ ಜಪಾನ್ ಮತ್ತು ಅಮೆರಿಕದ ತಂಡಗಳು ಇದನ್ನು ಇಲಿಗಳಲ್ಲಿ ತೋರಿಸಿದವು.

ಇಲಿಯ ಮಾತು ಮನುಷ್ಯನಿಗೆ ಹೊಂದೀತೇ? ಪ್ರಶ್ನೆ ನ್ಯಾಯವಾದದ್ದೇ. 2015ರ ಒಂದು ಪ್ರಯೋಗದಲ್ಲಿ ಆಫ್ರಿಕನ್ ಅಮೆರಿಕನ್ನರು ಎರಡು ವಾರ ದಕ್ಷಿಣ ಆಫ್ರಿಕಾದ ಹಳ್ಳಿಯೂಟ ಉಂಡರು. ಕರುಳಿನಲ್ಲಿ ಬ್ಯುಟಿರೇಟ್ ಏರಿತು, ಉರಿಯೂತದ ಗುರುತುಗಳು ಇಳಿದವು. ಆದರೆ ಆ ಊಟದಲ್ಲಿ, ಕಾಳಿನ ಸಕ್ಕರೆಗಳಂತೆಯೇ ಕರುಳಿನಲ್ಲಿ ಹುದುಗುವ ನಾರು ಹೆಚ್ಚಿದ್ದಂತೆ ಕೊಬ್ಬೂ ಕಡಿಮೆಯಿತ್ತು, ಶ್ರೇಯವೆಲ್ಲ ನಾರಿಗೇ ಸಲ್ಲದು. ಇದಕ್ಕಿಂತ ಗಟ್ಟಿ ಆಕ್ಷೇಪ 2021ರ ಸ್ಟ್ಯಾನ್‌ಫರ್ಡ್ ಅಧ್ಯಯನದ್ದು: 36 ಜನರಲ್ಲಿ ಮೊಸರಿನಂಥ ಹುದುಗಿದ ಆಹಾರ ತಿಂದವರ 19 ಉರಿಯೂತದ ಪ್ರೋಟೀನುಗಳು ಇಳಿದವು, ನಾರು ತಿಂದವರಲ್ಲಿ ಹಾಗೆ ಒಂದೇ ಸಮನೆ ಇಳಿಯಲಿಲ್ಲ. ನಾರಿನ ಗುಂಪಿನಲ್ಲೂ ಮೊದಲೇ ಬಗೆಬಗೆಯ ಬ್ಯಾಕ್ಟೀರಿಯಾ ಇದ್ದವರಿಗೆ ಲಾಭ ಕಂಡಿತ್ತು ಎಂಬುದನ್ನು ಮರೆಯುವಂತಿಲ್ಲ. ಹುದುಗಿಸುವವರೇ ಇಲ್ಲದ ಕರುಳಿಗೆ ನಾರು ಸುರಿದು ಏನು ಪ್ರಯೋಜನ?

ರಾಗಿಯನ್ನು ಹೊಗಳುವವರೂ ಒಂದು ಲೆಕ್ಕ ನೋಡಬೇಕು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ಆದರೆ ರಾಗಿಯ ನಾರಿನಲ್ಲಿ ನೀರಿನಲ್ಲಿ ಕರಗುವುದು ಎರಡು ಗ್ರಾಂಗಿಂತ ಕಡಿಮೆ, ಬ್ಯಾಕ್ಟೀರಿಯಾಗಳಿಗೆ ಸುಲಭವಾಗಿ ಸಿಕ್ಕುವುದು ಕರಗುವ ನಾರೇ. ಹಾಗಾಗಿ ಮುದ್ದೆಯೊಂದನ್ನೇ ನೆಚ್ಚಿಕೊಂಡರೆ ಸಾಲದು. ಜೊತೆಯ ಹುರುಳಿ, ಅವರೆ, ಸೊಪ್ಪು, ಕೊನೆಗೆ ಕುಡಿಯುವ ಮಜ್ಜಿಗೆ ಎಲ್ಲಕ್ಕೂ ಪಾಲುಂಟು. ವಾಯು ಕಾಡಿದರೆ ಕಾಳನ್ನು ನೆನೆಸಿ, ಆ ನೀರು ಚೆಲ್ಲಿ ಬೇಯಿಸಿ, ಸ್ವಲ್ಪದಿಂದ ಶುರುಮಾಡಿ ನಿಧಾನಕ್ಕೆ ಹೆಚ್ಚಿಸಿ, ಬಿಟ್ಟುಬಿಡಬೇಡಿ. ಕರುಳಿನ ಕಾಯಿಲೆ ಇದ್ದವರು ಮಾತ್ರ ಮೊದಲು ವೈದ್ಯರನ್ನು ಕೇಳಿ.