ಪುಟ್ಟ ಮನೆಯ ಕಿಟಕಿಯಲ್ಲಿ ಬೆಳಕು

ಆಗಮನ ಕಾಲ ಆರಂಭವಾಯಿತೆಂದರೆ ನಮ್ಮ ಮನೆಗಳಲ್ಲಿ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆಗಳೊಡನೆ ಏರ್ಪಡಿಸಿದ ಕ್ರಿಸ್ತಜನನದ ದೃಶ್ಯ ಇಂದು ನಮ್ಮ ಮನೆಯ ಗೋದಲಿಯಾಗಿ ಬೆಳೆದಿದೆ. ಬಿಡಿಭಾಗಗಳನ್ನು ಜೋಡಿಸಿ, ಬಣ್ಣ ಬಳಿದು ಸಿದ್ಧಪಡಿಸುವ ಪ್ಲಾಸ್ಟಿಕ್ ಮಾದರಿ ಮನೆಗಳನ್ನು ಅದರ ಸುತ್ತ ಇಡುವ ಹವ್ಯಾಸಿಗಳೂ ಇದ್ದಾರೆ.

ಅಂಥದೊಂದು ಮನೆಯೊಳಗೆ ಹಿಂದೊಮ್ಮೆ ನಾವು ಚಿಕ್ಕ ತಂತಿಬಲ್ಬನ್ನು ಇಟ್ಟಿದ್ದೆವು. ನಡುರಾತ್ರಿಯ ಬಲಿಪೂಜೆ ಮುಗಿಸಿ ಮರಳುವಷ್ಟರಲ್ಲಿ ತಮ್ಮ ವಾರಗಟ್ಟಲೆ ಕುಳಿತು ಬಣ್ಣ ಬಳಿದಿದ್ದ ಚಾವಣಿ ಒಂದು ಬದಿಗೆ ಕುಸಿದಿತ್ತು. ಪಕ್ಕದ ಹುಲ್ಲು ಕಂದಿತ್ತು. ಬೆಂಕಿ ಹತ್ತಲಿಲ್ಲವೆಂಬುದು ದೇವರ ಕೃಪೆ. ತಪ್ಪು ನಮ್ಮದೇ. ತಂತಿಬಲ್ಬಿನಲ್ಲಿ ವಿದ್ಯುತ್ತಿನ ಬಹುಭಾಗ ಶಾಖವಾಗುತ್ತದೆ. ಮಾದರಿಗಳಿಗೆ ಬಳಸುವ ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ.

ಈ ಚಿಂತೆಯನ್ನು ಬಹುಮಟ್ಟಿಗೆ ನೀಗಿಸಿದ್ದು ಎಲ್‌ಇಡಿ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ರೂಪಿಸಿದರು. ನೀಲಿ ಬೆಳಕಿನ ಸಾಧನೆಗಾಗಿ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರ ಭೌತಶಾಸ್ತ್ರ ನೊಬೆಲ್ ಪ್ರಶಸ್ತಿ ದೊರೆಯಿತು. ಆ ನೀಲಿಯಿಂದಲೇ ಬಿಳಿ ಬೆಳಕಿನ ದೀಪ ಸಾಧ್ಯವಾಯಿತು.

ಕೆಲಸದ ಕ್ರಮ ಹೀಗಿದೆ. ಗೋಡೆಗಳನ್ನು ಜೋಡಿಸಿದೊಡನೆ ಒಳಮೈಗೆ ಮೊದಲು ಕಪ್ಪು ಬಣ್ಣ ಬಳಿಯಬೇಕು. ಇಲ್ಲವಾದರೆ ತೆಳುವಾದ ಪ್ಲಾಸ್ಟಿಕ್ಕಿನ ಮೂಲಕ ಬೆಳಕು ಸೋರಿ ಇಡೀ ಮನೆ ಕಾಗದದ ಲಾಟೀನಿನಂತೆ ಕಾಣುತ್ತದೆ. ಕಪ್ಪು ಒಣಗಿದ ಮೇಲೆ ಬಿಳಿ ಬಳಿದರೆ ಬೆಳಕು ಒಳಗೇ ಹರಡಿಕೊಳ್ಳುತ್ತದೆ. ಕಿಟಕಿಗಳ ಹಿಂದೆ ಬಟರ್ ಪೇಪರ್ ಅಂಟಿಸಿದರೆ ದೀಪದ ಚುಕ್ಕಿ ಕಾಣದು. ಹಳದಿಮಿಶ್ರಿತ ಬಿಳಿಯೇ ಮನೆಯ ದೀಪಕ್ಕೆ ಒಪ್ಪುವ ಬಣ್ಣ.

ಎಲ್‌ಇಡಿಯನ್ನು ಬ್ಯಾಟರಿಗೆ ನೇರವಾಗಿ ಜೋಡಿಸಬಾರದು; ವಿದ್ಯುತ್ ಮಿತಿಮೀರಿ ಹರಿದು ಸುಟ್ಟುಹೋಗುತ್ತದೆ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಸಾಕು. 9 ವೋಲ್ಟಿನ ಬ್ಯಾಟರಿಯಾದರೆ ಉಳಿದ 6 ವೋಲ್ಟನ್ನು ರೆಸಿಸ್ಟರ್ ಹೊರಬೇಕು. 1000 ಓಮ್‌ನ ರೆಸಿಸ್ಟರ್ ಇಟ್ಟರೆ 6 ಮಿಲಿ ಆಂಪಿಯರ್ ಹರಿಯುತ್ತದೆ. ಪುಟ್ಟ ಕಿಟಕಿಗೆ ಅಷ್ಟು ಬೆಳಕು ಧಾರಾಳ. ಉದ್ದನೆಯ ಕಾಲು ಬ್ಯಾಟರಿಯ ಧನ ತುದಿಗೆ, ಗಿಡ್ಡನೆಯದು ಋಣ ತುದಿಗೆ. ಬೆಸುಗೆಯನ್ನು ಮಾದರಿಯ ಹೊರಗೇ ಮುಗಿಸಬೇಕು; ಕಾದ ಬೆಸುಗೆ ಕಡ್ಡಿ ತಾಕಿದರೆ ಗೋಡೆ ಕರಗುತ್ತದೆ. ತಂತಿಗಳನ್ನು ತಳದ ರಂಧ್ರದಿಂದ ಇಳಿಸಿ, ದೀಪ ಉರಿಯುವುದನ್ನು ನೋಡಿದ ನಂತರವೇ ಚಾವಣಿ ಮುಚ್ಚಿರಿ. ಅದನ್ನು ಅಂಟಿಸದಿರುವುದು ಲೇಸು. ಮುಂದಿನ ವರ್ಷ ದುರಸ್ತಿಗೆ ಕೈಯಾಡಿಸಬಹುದು.

ಹೆತ್ತವರಿಗೆ ಒಂದು ಎಚ್ಚರಿಕೆ. ನಾಣ್ಯದಂತಿರುವ ಚಪ್ಪಟೆ ಬ್ಯಾಟರಿಯನ್ನು ಮಗು ನುಂಗಿದರೆ ಅನ್ನನಾಳ ಎರಡೇ ಗಂಟೆಗಳಲ್ಲಿ ತೀವ್ರವಾಗಿ ಸುಡಬಲ್ಲದು. ಅಂಥ ಬ್ಯಾಟರಿ ಇರುವಲ್ಲಿ ಸ್ಕ್ರೂ ಬಿಗಿದ ಮುಚ್ಚಳವಿರಲೇಬೇಕು. ನುಂಗಿದ ಸಂಶಯ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಕುಸಿದ ಚಾವಣಿಯ ಆ ಮನೆಯನ್ನು ನಾವು ಎಸೆಯಲಿಲ್ಲ. ತಮ್ಮನ ಮಗಳು ರಟ್ಟಿನಿಂದ ಹೊಸ ಚಾವಣಿ ಮಾಡಿ, ಎಲ್‌ಇಡಿ ಇಟ್ಟು, ಗೋದಲಿಯ ಪಕ್ಕದಲ್ಲೇ ಅದಕ್ಕೆ ಸ್ಥಳ ಕೊಟ್ಟಿದ್ದಾಳೆ. ಛತ್ರದಲ್ಲಿ ಸ್ಥಳ ದೊರೆಯದ ದಂಪತಿಗಳ ಕಥೆ ಕೇಳಿ ಬೆಳೆದ ಮಗು ಅದು. ಒಂದು ಮನೆಯಲ್ಲಾದರೂ ದೀಪ ಉರಿಯುತ್ತಿರಲಿ ಎಂಬುದು ಅವಳ ಆಸೆ.