ಹೆದ್ದಾರಿಯೇ ಕಣ

ಬೆಂಗಳೂರು ಬಿಟ್ಟ ಕಾರು ಹಿರಿಯೂರು ತಲುಪುವ ಹೊತ್ತಿಗೆ ಸುಮಾರು 160 ಕಿ.ಮೀ. ಆಗಿರುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳಿಗೆ ನಿದ್ದೆ, ಓಡಿಸುವವರಿಗೆ ಆಕಳಿಕೆ. ಅಷ್ಟರಲ್ಲಿ ಮುಂದೆ ಲಾರಿಯೊಂದರ ಬಾಲ ಕಾಣುತ್ತದೆ. ಬೆಳ್ಳಗೆ, ಚೂಪಗೆ, ತುದಿಗೆ ಕೆಂಪು ಬಟ್ಟೆ ಕಟ್ಟಿಕೊಂಡ ಬಾಲ. ಓವರ್‌ಟೇಕ್ ಮಾಡಲು ಹೊರಟರೆ ಅದು ಮುಗಿಯುವುದೇ ಇಲ್ಲ.

ಅದು ಗಾಳಿಯಂತ್ರದ ರೆಕ್ಕೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ತಿರುಗುವಾಗ ಆಟಿಕೆಯಂತೆ ಕಾಣುವ ಇದು ರಸ್ತೆಗಿಳಿದಾಗಲೇ ಅದರ ಅಳತೆ ತಿಳಿಯುವುದು. ಈಗಿನ ದೊಡ್ಡ ಯಂತ್ರಗಳ ಒಂದೊಂದು ರೆಕ್ಕೆ 60 ಮೀಟರ್ ಮುಟ್ಟುತ್ತದೆ, ಕೆಲವು ಅದನ್ನೂ ಮೀರುತ್ತವೆ. ಐದು ಕೆಂಪು ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ಉದ್ದ. ಹೆದ್ದಾರಿಯಲ್ಲಿ ಇದರ ಪಯಣ ಸಲೀಸು. ಪೇಚಾಟವೆಲ್ಲ ಹಳ್ಳಿ ರಸ್ತೆಗೆ ಹೊರಳುವ ತಿರುವಿನಲ್ಲಿ. ಅಲ್ಲಿ ಒಬ್ಬ ಉದ್ದನೆಯ ಕೋಲಿನಿಂದ ಕರೆಂಟಿನ ವೈರು ಎತ್ತಬೇಕು, ಇನ್ನೊಬ್ಬ ಶಿಳ್ಳೆ ಹಾಕಬೇಕು, ಚಹಾ ಅಂಗಡಿಯ ಮುಂದಿನವರೆಲ್ಲ ಎದ್ದು ಬಂದು ಸಲಹೆ ಕೊಡಬೇಕು.

ದೇವರೂ ಹೀಗೆ ಪ್ರಯಾಣ ಮಾಡಿದ್ದುಂಟು. 2018ರ ಡಿಸೆಂಬರ್‌ನಲ್ಲಿ ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಿಂದ ಹೊರಟ ಏಕಶಿಲೆಯ ಮಹಾವಿಷ್ಣು ಬೆಂಗಳೂರಿನ ಈಜಿಪುರ ಸೇರಿದ್ದು 2019ರ ಜೂನ್‌ನಲ್ಲಿ. 240 ಚಕ್ರದ ಟ್ರೇಲರ್ ಇದ್ದೂ ಆರು ತಿಂಗಳು ಹಿಡಿಯಿತು!

ಚಿತ್ರದುರ್ಗ ಜಿಲ್ಲೆಯಲ್ಲಿ ಆಕಾಶದಿಂದಲೂ ಅಚ್ಚರಿ ಇಳಿಯುತ್ತದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ವಿಮಾನ ಪರೀಕ್ಷಾ ಕೇಂದ್ರವಿದೆ. 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಎಂಬ ಮಾನವರಹಿತ ವಿಮಾನ ಜೋಡಿಚಿಕ್ಕೇನಹಳ್ಳಿಯ ಬಳಿ ಬಿತ್ತು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ತಪಸ್ ಎಂಬ ಮಾನವರಹಿತ ವಿಮಾನ ಬಿತ್ತು. ಅದೇ ವರ್ಷ ಏಪ್ರಿಲ್ 2ರ ಬೆಳಿಗ್ಗೆ ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ಹೆಲಿಕಾಪ್ಟರ್‌ನಲ್ಲಿ ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ಕುದಾಪುರದ ರನ್‌ವೇಯಲ್ಲಿ ಇಳಿಯಿತು.

ರೆಕ್ಕೆ, ರಾಕೆಟ್ಟು ಹೊರಗಿನವರ ವ್ಯವಹಾರ. ಈ ಸೀಮೆಯ ರಸ್ತೆಯಲ್ಲಿ ಊರಿನವರದ್ದೇ ಆದ ವಿಚಿತ್ರ ಕಾಣಬೇಕೆಂದರೆ ಸುಗ್ಗಿಯಲ್ಲಿ ಬರಬೇಕು.

ಷಟ್ಪಥದ ಮೇಲಲ್ಲ, ಪಕ್ಕದ ಸರ್ವಿಸ್ ರಸ್ತೆಯಲ್ಲಿ, ತಾಲ್ಲೂಕಿನ ಒಳದಾರಿಗಳಲ್ಲಿ. ಟಾರಿನ ಉದ್ದಕ್ಕೂ ಒಣಗಿದ ಹುರುಳಿ ಹಾಸಿರುತ್ತದೆ. ಟೈರು ಅದರ ಮೇಲೆ ಹತ್ತುತ್ತಿದ್ದಂತೆ ಕಾರಿನೊಳಗಿನ ಸದ್ದೇ ಬೇರೆಯಾಗುತ್ತದೆ. ಗಾಲಿಯ ಮೊರೆತ ಅಡಗಿ, ಕಾಯಿ ಚಟಚಟ ಸಿಡಿಯುವುದು ಕೇಳುತ್ತದೆ. ಸ್ಟೀರಿಂಗ್ ಹಗುರಾದಂತೆ ಅನಿಸಿ ಎದೆ ಝಲ್ಲೆನ್ನುತ್ತದೆ. ಕನ್ನಡಿಯಲ್ಲಿ ಬರೀ ಹೊಟ್ಟಿನ ದೂಳು. ಬದಿಯಲ್ಲಿ ತಲೆಗೆ ಟವೆಲ್ ಸುತ್ತಿ ಕವೆಗೋಲು ಹಿಡಿದು ನಿಂತ ಹೆಂಗಸು, ಕಾರು ದಾಟಿದ್ದೇ ತಡ, ಸೊಪ್ಪು ಮಗುಚಿ ಹಾಕಿ ಮುಂದಿನ ಗಾಡಿಯ ದಾರಿ ನೋಡುತ್ತಾಳೆ. ಬಸ್ಸು ಬಂದರೆ ಮುಖ ಅರಳುತ್ತದೆ. ಬೈಕು ಲೆಕ್ಕಕ್ಕಿಲ್ಲ.

ಹೀಗೆ ಗಾಡಿಗಳ ಗಾಲಿಯಿಂದ ಒಕ್ಕಣೆ ಮಾಡಿಸುವುದನ್ನು ಸೋಮಾರಿತನ ಎಂದು ಬೈಯುವುದು ಸುಲಭ. ಆದರೆ ಕಣ ಮಾಡುವುದು ಸಣ್ಣ ಕೆಲಸವಲ್ಲ. ನೆಲ ಕೆತ್ತಬೇಕು, ನೀರು ಹಾಕಿ ಗಟ್ಟಿ ಮಾಡಬೇಕು, ಸಗಣಿಯಲ್ಲಿ ಸಾರಿಸಬೇಕು, ಆಮೇಲೆ ಎತ್ತು ಕಟ್ಟಿ ರೋಣಗಲ್ಲು ಎಳೆಸಬೇಕು. ಎತ್ತು ಮಾರಿ ಟ್ರ್ಯಾಕ್ಟರ್ ತಂದ ಮನೆಗಳಲ್ಲಿ ರೋಣಗಲ್ಲು ಹಿತ್ತಲು ಸೇರಿದೆ. ಒಂದೆರಡು ಎಕರೆಯ ಬೆಳೆಗೆ ಬಾಡಿಗೆ ಯಂತ್ರ ತರಿಸಿದರೆ ಗಿಟ್ಟುವುದಿಲ್ಲ. ಮನೆ ಮುಂದೆಯೇ ಸಮತಟ್ಟಾದ, ಬಿಸಿಲಿಗೆ ಕಾದ ಟಾರು. ಮೇಲೆ ಪುಕ್ಕಟೆ ಓಡಾಡುವ ಗಾಲಿಗಳು.

ಪುಕ್ಕಟೆ ಅನ್ನುವುದು ಮಾತ್ರ ಸುಳ್ಳು. ಹುರುಳಿ ಬಳ್ಳಿ ಜಾತಿಯ ಬೆಳೆ. ಅದರ ಸೊಪ್ಪು ಕಾರಿನ ಅಡಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ, ಓಡುತ್ತಿರುವ ಕಾರೇ ಹೊತ್ತಿ ಉರಿದ ಪ್ರಕರಣಗಳು ರಾಜ್ಯದಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಎಂದು ಪೊಲೀಸರು ಹೇಳುವುದು, ಮರುವರ್ಷವೂ ರಸ್ತೆಯಲ್ಲೇ ರಾಶಿ ಬೀಳುವುದು ಎರಡೂ ರೂಢಿಯಾಗಿವೆ. ಉದ್ಯೋಗ ಖಾತರಿಯಲ್ಲಿ ಒಕ್ಕಣೆ ಕಣ ಕಟ್ಟಿಸಿಕೊಂಡ ರೈತರಿದ್ದಾರೆ. ಆ ಸಿಮೆಂಟು ಕಣದ ಮೇಲೆ ಬಸ್ಸು ಓಡುವುದಿಲ್ಲವಲ್ಲ!

ಚಿತ್ರದುರ್ಗದಲ್ಲಿ ಹೆದ್ದಾರಿ ಬಿಟ್ಟು, ಹಿಂದೆ ಸೊಲ್ಲಾಪುರ–ಮಂಗಳೂರು ಹೆದ್ದಾರಿಯಾಗಿದ್ದ ದಾರಿಯಲ್ಲಿ ಹೊಳಲ್ಕೆರೆ ಕಡೆ ತಿರುಗಿದರೆ ಬಣ್ಣ ಬದಲಾಗುತ್ತದೆ. ಇಲ್ಲಿ ಮೆಕ್ಕೆಜೋಳದ ಕಾಲ. ಕೊಯ್ಲಾದ ಮೇಲೆ ರಸ್ತೆಯ ಬದಿಯೆಲ್ಲ ಹಳದಿ. ಹಗಲಲ್ಲಿ ನೋಡಲು ಚೆಂದ. ಭಯ ಇರುವುದು ರಾತ್ರಿಯಲ್ಲಿ. ಇಬ್ಬನಿಗೆ ನೆನೆಯದಿರಲೆಂದು ಕಾಳನ್ನು ಗುಡ್ಡೆ ಮಾಡಿ, ಕಪ್ಪು ಟಾರ್ಪಾಲು ಹೊದಿಸಿ, ಸುತ್ತ ಕಲ್ಲು ಇಟ್ಟು ಹೋಗಿರುತ್ತಾರೆ. ಕಪ್ಪು ರಸ್ತೆಯ ಮೇಲೆ ಕಪ್ಪು ಗುಡ್ಡೆ, ಎದುರಿನಿಂದ ಲಾರಿಯ ಬೆಳಕು. ಬೈಕಿನವರಿಗೆ ಅದು ಕಾಣುವಷ್ಟರಲ್ಲಿ ತಡವಾಗಿರುತ್ತದೆ.

ಕಾಳು ರಸ್ತೆಗೆ ತರುವವರು ಕನಿಷ್ಠ ಕಲ್ಲನ್ನಾದರೂ ಮನೆಯಲ್ಲೇ ಬಿಟ್ಟು ಬರಲಿ. ಓಡಿಸುವವರು ಹುರುಳಿ ಮೇಲೆ ಹಾಯ್ದಿದ್ದರೆ ಮುಂದಿನ ಊರಿನವರೆಗೂ ಕಾಯದೆ, ರಾಶಿ ದಾಟಿದ ಕೂಡಲೇ ಬದಿಗೆ ನಿಲ್ಲಿಸಿ, ಬಗ್ಗಿ ಕಾರಿನಡಿ ನೋಡಿ. ಸುತ್ತಿಕೊಂಡ ಬಳ್ಳಿಯನ್ನು ಕೋಲಿನಿಂದ ಎಳೆದು ತೆಗೆಯಬಹುದು. ಸೈಲೆನ್ಸರ್ ಕಾದಿರುತ್ತದೆ, ಕೈ ಹಾಕಬೇಡಿ.